ಎದೆಯ ಮಹಾಪಧಮನಿ: ಕಾಯಿಲೆಗಳು ಮತ್ತು ಚಿಕಿತ್ಸೆಯ ದಾರಿಗಳು

(ಕೊರವಂಗಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



1173ರಲ್ಲಿ ಬೂಚಿರಾಜ ಕಟ್ಟಿಸಿದ ಬೂಚೇಶ್ವರ ದೇವಾಲಯವಿರುವ ಊರು ಕೊರವಂಗಲ. ಇಂಥ ಊರಿನಲ್ಲಿ ದತ್ತಿ ಉಪನ್ಯಾಸವೆಂದರೆ ಶಾಸನ, ಶಿಲ್ಪ, ಕಾವ್ಯದ ಮಾತು ಇರಬೇಕೆಂದು ಬಯಸುವುದು ನ್ಯಾಯವೇ. ಆದರೆ ದತ್ತಿಯವರು ಈ ಸಲ ವೈದ್ಯರೊಬ್ಬರಿಂದ ಎದೆಯ ಕಾಯಿಲೆಗಳ ಬಗ್ಗೆ ಕೇಳಬೇಕೆಂದು ತೀರ್ಮಾನಿಸಿದರು. ಎದೆಗೂಡಿನ ಶಸ್ತ್ರಚಿಕಿತ್ಸೆಯೇ ನನ್ನ ಕಸುಬಾದ್ದರಿಂದ ಒಪ್ಪಿಕೊಂಡು ಬಂದಿದ್ದೇನೆ. ಹೃದಯಾಘಾತದ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ. ಅದರ ಪಕ್ಕದಲ್ಲೇ ಇದ್ದೂ ಹೆಸರೇ ಕೇಳಿಬರದ ಮಹಾಪಧಮನಿಯ ಕಾಯಿಲೆಗಳನ್ನು ನಾನು ಇವತ್ತು ಆರಿಸಿಕೊಂಡಿದ್ದೇನೆ.

ಹಾಸನದ ಭಯ

2025ರ ಮೇ ಕೊನೆ ಮತ್ತು ಜೂನ್ ತಿಂಗಳಲ್ಲಿ ಈ ಜಿಲ್ಲೆ ಎಂಥ ಭಯದಲ್ಲಿತ್ತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ದಿನ ಬೆಳಗಾದರೆ ಪತ್ರಿಕೆಯಲ್ಲಿ, ಟಿವಿಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಹಠಾತ್ ಸಾವಿನ ಸುದ್ದಿ. ಅದರಲ್ಲೂ ಚಿಕ್ಕ ವಯಸ್ಸಿನವರ ಸಾವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಸರ್ಕಾರವು ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಹಾಸನದಲ್ಲಿ ಹೃದಯದ ಸಾವುಗಳು ಏಕಾಏಕಿ ಏರಿಲ್ಲ, ತೀರಿಕೊಂಡವರಲ್ಲಿ ಹಲವರಿಗೆ ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನದಂಥ ಗೊತ್ತಿರುವ ಕಾರಣಗಳೇ ಇದ್ದವು ಎಂಬುದು ಜುಲೈನಲ್ಲಿ ಬಂದ ವರದಿಯ ಸಾರ. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವನ್ನು ಇನ್ನು ಮುಂದೆ ಸರ್ಕಾರಕ್ಕೆ ತಿಳಿಸಬೇಕು, ಮರಣೋತ್ತರ ಪರೀಕ್ಷೆ ಮಾಡಿಸಬೇಕು ಎಂದು ಆರೋಗ್ಯ ಸಚಿವರು ಪ್ರಕಟಿಸಿದರು.

ಮರಣೋತ್ತರ ಪರೀಕ್ಷೆಯ ಆ ತೀರ್ಮಾನ ನನ್ನ ವಿಷಯಕ್ಕೆ ಬಹಳ ಹತ್ತಿರದ್ದು. ಮನೆಯಲ್ಲೋ ಗದ್ದೆಯಲ್ಲೋ ಕುಸಿದು ಪ್ರಾಣ ಬಿಟ್ಟವರಿಗೆಲ್ಲ ನಾವು 'ಹಾರ್ಟ್ ಅಟ್ಯಾಕ್' ಎಂದೇ ಹೇಳಿ ಮಣ್ಣು ಮಾಡುತ್ತೇವೆ. ಬಹುಪಾಲು ಅದು ನಿಜವೂ ಇರುತ್ತದೆ. ಆದರೆ ಕೆಲವರಲ್ಲಿ ಹೃದಯ ಗಟ್ಟಿಯಾಗಿಯೇ ಇದ್ದು, ಅದರಿಂದ ಹೊರಡುವ ದೊಡ್ಡ ರಕ್ತನಾಳ ಹರಿದಿರುತ್ತದೆ. 1760ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ದೊರೆ ಎರಡನೇ ಜಾರ್ಜ್ ಹಠಾತ್ತನೆ ಸತ್ತಾಗ ರಾಜವೈದ್ಯ ಫ್ರಾಂಕ್ ನಿಕೋಲ್ಸ್ ದೇಹ ಕೊಯ್ದು ನೋಡಿದ. ಮಹಾಪಧಮನಿ ಸೀಳಿ, ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿಕೊಂಡಿತ್ತು. ಕೊಯ್ದು ನೋಡಿದ್ದರಿಂದಲೇ ಕಾರಣ ತಿಳಿಯಿತು. ನಮ್ಮ ಹಳ್ಳಿಗಳಲ್ಲಿ ಹಾಗೆ ನೋಡುವುದು ಅಪರೂಪವಾದ್ದರಿಂದ ಈ ಕಾಯಿಲೆ ಲೆಕ್ಕಕ್ಕೇ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗದ ಕಾಯಿಲೆಯನ್ನು ಜನ ಅನುಮಾನಿಸುವುದಿಲ್ಲ, ಅನುಮಾನಿಸದ ಕಾಯಿಲೆಗೆ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಗುವುದಿಲ್ಲ.

ನಾಳದ ರಚನೆ

ಗೊರೂರಿನ ಹೇಮಾವತಿ ಜಲಾಶಯದಿಂದ ಹೊರಡುವ ದೊಡ್ಡ ನಾಲೆಯನ್ನು ನೆನೆಸಿಕೊಳ್ಳಿ. ಹೃದಯದಿಂದ ಹೊರಡುವ ಮಹಾಪಧಮನಿಯೂ ಹಾಗೆಯೇ. ಮೊದಲು ಎದೆಯಲ್ಲಿ ಮೇಲಕ್ಕೆ ಏರುತ್ತದೆ, ಇದು ಏರುಭಾಗ. ಆಮೇಲೆ ಕಮಾನಿನಂತೆ ಬಾಗುತ್ತದೆ; ಮೆದುಳಿಗೂ ಕೈಗಳಿಗೂ ಹೋಗುವ ತೂಬುಗಳು ಇಲ್ಲಿವೆ. ನಂತರ ಬೆನ್ನುಮೂಳೆಯ ಪಕ್ಕದಲ್ಲಿ ಕೆಳಗಿಳಿಯುತ್ತದೆ, ಇದು ಇಳಿಭಾಗ. ಅಲ್ಲಿಂದ ವಪೆ ದಾಟಿ ಹೊಟ್ಟೆಗೆ ಹೋಗುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ, ದಿನಕ್ಕೆ ಸುಮಾರು ಒಂದು ಲಕ್ಷ ಬಡಿತದ ಹೊಡೆತ ಈ ನಾಳದ ಮೇಲೆ ಬೀಳುತ್ತದೆ. ಇದರ ಗೋಡೆ ಮೂರು ಪದರದ್ದು. ನಡುವಿನ ಪದರದಲ್ಲಿ ಹಿಗ್ಗಿ ಕುಗ್ಗುವ ನಾರುಗಳಿವೆ.

ಈ ಗೋಡೆಗೆ ಮುಖ್ಯವಾಗಿ ಎರಡು ರೀತಿಯ ಕೇಡು ಬರುತ್ತದೆ. ನಡುವಿನ ಪದರ ಸವೆದು ನಾಳ ಒಂದು ಕಡೆ ಉಬ್ಬುವುದು ಮೊದಲನೆಯದು. ಇದನ್ನು ಅನ್ಯೂರಿಸಂ ಎನ್ನುತ್ತೇವೆ. ಏರುಭಾಗ ಸಾಮಾನ್ಯವಾಗಿ 4 ಸೆಂಟಿಮೀಟರಿಗಿಂತ ಕಡಿಮೆ ಅಗಲವಿರುತ್ತದೆ. ಅದು 5, 6 ಆಗುತ್ತ ಹೋದರೂ ನೋವಿಲ್ಲ, ಸುಸ್ತಿಲ್ಲ, ಸೂಚನೆಯೇ ಇಲ್ಲ. ಎರಡನೆಯದು ಸೀಳಿಕೆ, ಅಂದರೆ ಡಿಸೆಕ್ಷನ್. ಒಳಪದರದಲ್ಲಿ ಬಿರುಕು ಬಿಟ್ಟು, ನಾಲೆಯ ಲೈನಿಂಗ್ ಎದ್ದು ಅದರ ಹಿಂದೆ ನೀರು ನುಗ್ಗುವಂತೆ, ರಕ್ತ ಪದರಗಳ ನಡುವೆ ನುಗ್ಗುತ್ತದೆ. ಎದ್ದ ಪದರ ತೂಬುಗಳನ್ನು ಮುಚ್ಚಿದರೆ ಮೆದುಳಿಗೋ ಮೂತ್ರಪಿಂಡಕ್ಕೋ ಕಾಲಿಗೋ ರಕ್ತ ನಿಲ್ಲುತ್ತದೆ. ಹೊರಪದರವೂ ಹರಿದರೆ ಪ್ರಾಣ ಉಳಿಯುವುದು ಕಷ್ಟ.

ಇವುಗಳ ಹಿಂದಿನ ಅತಿ ದೊಡ್ಡ ಕಾರಣ ಹತೋಟಿಯಲ್ಲಿಲ್ಲದ ರಕ್ತದೊತ್ತಡ. ಅದರ ಜೊತೆಗೆ ಬೀಡಿ ಸಿಗರೇಟು, ವಯಸ್ಸು, ಹುಟ್ಟಿನಿಂದ ಮೂರು ಎಸಳಿನ ಬದಲು ಎರಡೇ ಎಸಳಿರುವ ಕವಾಟ, ಮತ್ತು ಮಾರ್ಫಾನ್ ಸಿಂಡ್ರೋಮ್‌ನಂಥ ಮನೆತನದ ಕಾಯಿಲೆಗಳು.

ನೋವನ್ನು ಗುರುತಿಸುವುದು

ಹೃದಯಾಘಾತದ ನೋವು ಹೆಚ್ಚಾಗಿ ಹಿಂಡಿದಂತೆ, ಭಾರ ಇಟ್ಟಂತೆ, ಮೆಲ್ಲಗೆ ಏರುತ್ತದೆ. ಸೀಳಿಕೆಯ ನೋವು ಒಂದೇ ಕ್ಷಣದಲ್ಲಿ ಪೂರ್ತಿ ತೀವ್ರತೆಗೆ ಹೋಗುತ್ತದೆ. 'ಬೆನ್ನು ಸೀಳ್ದಂಗಾಯ್ತು ಸಾರ್, ಚಾಕು ಹಾಕಿ ಎಳ್ದಂಗೆ' ಎಂದು ರೋಗಿಗಳೇ ಹೇಳುತ್ತಾರೆ. ನೋವು ಎದೆಯಿಂದ ಎರಡು ರೆಕ್ಕೆಯ ನಡುವೆ, ಅಲ್ಲಿಂದ ಸೊಂಟಕ್ಕೆ ಜಾರಬಹುದು. ಕೆಲವರಿಗೆ ಒಂದು ಕೈ ಅಥವಾ ಕಾಲು ತಣ್ಣಗಾಗುತ್ತದೆ, ಮಾತು ತೊದಲುತ್ತದೆ, ತಲೆ ಸುತ್ತಿ ಬೀಳುತ್ತಾರೆ. ಮನೆಯಲ್ಲಿ 'ಗ್ಯಾಸ್ಟ್ರಿಕ್ ಇರಬೇಕು' ಎಂದು ಸೋಡಾ ಕುಡಿಸಿ ಮಲಗಿಸುವುದರಲ್ಲಿ ಒಂದು ರಾತ್ರಿ ಕಳೆದುಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನವಿಟ್ಟು ಕೇಳಿ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದು ನಿಜವಾಗಿ ಜೀವ ಉಳಿಸುವ ಮದ್ದು; ಹೃದಯಾಘಾತಕ್ಕೆ ಅದನ್ನು ತಡಮಾಡದೆ ಪಡೆಯಬೇಕು. ಆದರೆ ನಾಳ ಸೀಳಿದವರಿಗೆ ಅದೇ ಮದ್ದು ರಕ್ತಸ್ರಾವವನ್ನು ಹೆಚ್ಚಿಸಿ ಪ್ರಾಣಕ್ಕೆ ಎರವಾಗಬಹುದು. ಹಾಗಾಗಿ ನೋವು ಹೇಗೆ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. 'ಎದೆನೋವು' ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ವೈದ್ಯರು ಎರಡೂ ತೋಳಿನ ಬಿಪಿ ನೋಡುತ್ತಾರೆ. 20ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನ ಬಲಿಯುತ್ತದೆ. ಎಕ್ಸ್‌ರೇಯಲ್ಲಿ ಎದೆಯ ನಡುಭಾಗ ಅಗಲವಾಗಿ ಕಾಣಬಹುದು. ಕೊನೆಯ ಮಾತು ಸಿ.ಟಿ. ಆಂಜಿಯೋಗ್ರಾಂನದ್ದು. ಕೈಯ ನರಕ್ಕೆ ಬಣ್ಣದ ಔಷಧಿ ಕೊಟ್ಟು ತೆಗೆಯುವ ಈ ಸ್ಕ್ಯಾನ್ ಕೆಲವೇ ನಿಮಿಷದಲ್ಲಿ ಸೀಳು ಎಲ್ಲಿಂದ ಎಲ್ಲಿವರೆಗೆ ಇದೆ ಎಂದು ತೋರಿಸಿಬಿಡುತ್ತದೆ.

ಮೊದಲ ದಾರಿ: ಔಷಧಿ

ಚಿಕಿತ್ಸೆಗೆ ಮೂರು ದಾರಿಗಳಿವೆ: ಔಷಧಿ, ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ, ತೊಡೆಸಂದಿಯಿಂದ ಸ್ಟೆಂಟ್ ಗ್ರಾಫ್ಟ್ ಹಾಕುವುದು. ಯಾವುದು ಯಾರಿಗೆ ಎಂಬುದನ್ನು ನಿರ್ಧರಿಸುವುದು ಮೂರು ಪ್ರಶ್ನೆಗಳು: ಕೇಡು ಎಲ್ಲಿದೆ, ನಾಳ ಎಷ್ಟು ಅಗಲವಾಗಿದೆ, ಎಷ್ಟು ಬೇಗ ಕೆಡುತ್ತಿದೆ.

ಔಷಧಿ ಎಲ್ಲರಿಗೂ ಬೇಕು, ಆಪರೇಷನ್ ಆದವರಿಗೂ ಬೇಕು. ಸೀಳಿಕೆಯಾದವರನ್ನು ಐಸಿಯುಗೆ ಸೇರಿಸಿದ ತಕ್ಷಣ ನೋವು ಕಡಿಮೆ ಮಾಡಿ, ಎಸ್ಮೊಲಾಲ್ ಅಥವಾ ಲ್ಯಾಬೆಟಲಾಲ್‌ನಂಥ ಔಷಧಿಯನ್ನು ನರದ ಮೂಲಕ ಕೊಟ್ಟು ಮೇಲಿನ ಬಿಪಿಯನ್ನು 100ರಿಂದ 120ರ ನಡುವೆ, ನಾಡಿಯನ್ನು ನಿಮಿಷಕ್ಕೆ 60ರ ಸುತ್ತ ತರುತ್ತೇವೆ. ಒತ್ತಡ ಎಷ್ಟಿದೆಯೋ ಅಷ್ಟೇ ಮುಖ್ಯವಾದದ್ದು ಪ್ರತಿ ಬಡಿತದ ಹೊಡೆತದ ಬಿರುಸು. ಬೀಟಾ ಬ್ಲಾಕರ್ ಔಷಧಿಗಳು ಆ ಬಿರುಸನ್ನೇ ಇಳಿಸುತ್ತವೆ. 1965ರಲ್ಲಿ ಮೈರಾನ್ ವೀಟ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಮುಂದಿಟ್ಟರು. ಇಳಿಭಾಗದಲ್ಲಿ ಮಾತ್ರ ಸೀಳಿದ್ದು, ಯಾವ ಅಂಗಕ್ಕೂ ರಕ್ತ ನಿಂತಿಲ್ಲದಿದ್ದರೆ, ಇಂದಿಗೂ ಮೊದಲ ಚಿಕಿತ್ಸೆ ಇದೇ.

ಚಿಕ್ಕ ಉಬ್ಬು ಇರುವವರಿಗೂ ಇದೇ ದಾರಿ. ಏರುಭಾಗದ ಉಬ್ಬು ಬಹಳ ಜನರಲ್ಲಿ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಅಂಥವರು ಮಾತ್ರೆ ತಪ್ಪಿಸದೆ, ಹೇಳಿದ ಸಮಯಕ್ಕೆ ಎಕೋ ಅಥವಾ ಸಿ.ಟಿ. ಮಾಡಿಸಿಕೊಂಡು ಹಲವು ವರ್ಷ ಹಾಯಾಗಿ ಇರಬಹುದು. ಅವರು ಆಲೂಗಡ್ಡೆ ಮೂಟೆಯನ್ನು ಉಸಿರು ಬಿಗಿಹಿಡಿದು ಎತ್ತಬಾರದು. ಆ ಕ್ಷಣದಲ್ಲಿ ಒತ್ತಡ ವಿಪರೀತ ಏರುತ್ತದೆ. ನಡೆಯುವುದು, ಹಗುರ ಹೊಲದ ಕೆಲಸ ಮಾಡಬಹುದು. ಇನ್ನೊಂದು ಮಾತು: ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು ಇಂಥವರ ನಾಳಕ್ಕೆ ಹಾನಿ ಮಾಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಮೆಡಿಕಲ್ ಸ್ಟೋರಿನಲ್ಲಿ ಬಾಯಿಮಾತಿನಲ್ಲಿ ಕೇಳಿ ಮಾತ್ರೆ ತರುವ ಅಭ್ಯಾಸವನ್ನು ಇವರಂತೂ ಬಿಡಲೇಬೇಕು.

ಎರಡನೇ ದಾರಿ: ಎದೆ ತೆರೆದು ನಾಳ ಬದಲಿಸುವುದು

ಸೀಳು ಏರುಭಾಗವನ್ನು ಮುಟ್ಟಿದ್ದರೆ ಅದು 'ಎ' ವಿಧ, ಮುಟ್ಟದೆ ಇಳಿಭಾಗದಲ್ಲಷ್ಟೇ ಇದ್ದರೆ 'ಬಿ' ವಿಧ. 1970ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಕರು ಮಾಡಿದ ಈ ವಿಂಗಡಣೆಯ ಬೆಲೆ ಅದರ ಸರಳತೆಯಲ್ಲಿದೆ: 'ಎ' ಆದರೆ ಕೂಡಲೇ ಆಪರೇಷನ್, 'ಬಿ' ಆದರೆ ಮೊದಲು ಔಷಧಿ. 'ಎ' ವಿಧದಲ್ಲಿ ಚಿಕಿತ್ಸೆಯಿಲ್ಲದಿದ್ದರೆ ಮೊದಲ ಎರಡು ದಿನ ಪ್ರತಿ ಗಂಟೆಗೆ ನೂರರಲ್ಲಿ ಒಬ್ಬರಿಬ್ಬರು ಸಾಯುತ್ತಾರೆಂಬುದು ಪಠ್ಯಪುಸ್ತಕಗಳು ಬಹುಕಾಲದಿಂದ ಹೇಳುತ್ತ ಬಂದ ಲೆಕ್ಕ. ಅದಕ್ಕೇ ಇದು ಬೆಳಗಾಗಲಿ ನೋಡೋಣ ಎನ್ನುವ ಕಾಯಿಲೆಯಲ್ಲ.

ಸೀಳಿಕೆಯಿಲ್ಲದ ಉಬ್ಬು ಇದ್ದರೆ ಅಳತೆ ಹೇಳುತ್ತದೆ. ಏರುಭಾಗ 5.5 ಸೆಂಟಿಮೀಟರ್ ತಲುಪಿದರೆ ಆಪರೇಷನ್ ಸಲಹೆ ಕೊಡುತ್ತೇವೆ. ಮಾರ್ಫಾನ್ ಇದ್ದರೆ ಇನ್ನೂ ಮೊದಲೇ, 5 ಸೆಂಟಿಮೀಟರಿಗೇ. ವರ್ಷದೊಳಗೆ ಅರ್ಧ ಸೆಂಟಿಮೀಟರ್ ಬೆಳೆದರೂ ಕಾಯುವುದಿಲ್ಲ. ದೇಹದ ಎತ್ತರವನ್ನೂ ನೋಡಬೇಕು. ಐದಡಿಗಿಂತ ಕುಳ್ಳಗಿರುವ ಹೆಣ್ಣುಮಗಳಿಗೆ 5 ಸೆಂಟಿಮೀಟರ್ ಎಂದರೆ ಎತ್ತರದ ಗಂಡಸಿನ 5 ಸೆಂಟಿಮೀಟರಿನಷ್ಟೇ ಅಲ್ಲ, ಅದಕ್ಕಿಂತ ಹೆಚ್ಚು ಅಪಾಯ.

ಥಿಯೇಟರಿನೊಳಗೆ ಏನಾಗುತ್ತದೆಂದು ಹೇಳುತ್ತೇನೆ. ಎದೆಮೂಳೆಯನ್ನು ನಡುವೆ ಕೊಯ್ದು ತೆರೆಯುತ್ತೇವೆ. ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಯಂತ್ರಕ್ಕೆ ವಹಿಸಿ, ಅದರ ಮೂಲಕವೇ ರಕ್ತವನ್ನು ತಂಪು ಮಾಡುತ್ತ ಹೋಗುತ್ತೇವೆ. ಮೈ ಬಿಸಿ 37 ಡಿಗ್ರಿಯಿಂದ 28ಕ್ಕೆ, ಕೆಲವೊಮ್ಮೆ 20ರ ಹತ್ತಿರಕ್ಕೆ ಇಳಿಯುತ್ತದೆ. ಕಮಾನಿನ ಬಳಿ ಹೊಲಿಯಬೇಕಾದರೆ ಇಡೀ ದೇಹದ ರಕ್ತಸಂಚಾರವನ್ನೇ ಸ್ವಲ್ಪ ಹೊತ್ತು ನಿಲ್ಲಿಸಿ, ಮೆದುಳಿಗೆ ಮಾತ್ರ ಕೊರಳ ನಾಳದಿಂದ ರಕ್ತ ಹರಿಸುತ್ತೇವೆ. ಮೈ ತಂಪಾಗಿರುವುದರಿಂದ ಅಂಗಾಂಗಗಳು ಆ ಹೊತ್ತನ್ನು ತಡೆದುಕೊಳ್ಳುತ್ತವೆ. ತಂಪಿನ ಈ ವಿಧಾನವನ್ನು ಕಮಾನಿನ ಶಸ್ತ್ರಚಿಕಿತ್ಸೆಗೆ ನೆಲೆಗೊಳಿಸಿದವರು ರ‍್ಯಾಂಡಲ್ ಗ್ರೀಪ್, 1975ರಲ್ಲಿ. ಸೀಳಿದ ಗೋಡೆ ನೆನೆದ ಕಾಗದದಷ್ಟು ಮೆತ್ತಗಿರುತ್ತದೆ, ದಾರ ಎಳೆದರೆ ಕೊಯ್ದುಕೊಂಡು ಬರುತ್ತದೆ. ಹಾಗಾಗಿ ಒಳಗೂ ಹೊರಗೂ ಫೆಲ್ಟ್ ಪಟ್ಟಿ ಇಟ್ಟು, ನಡುವೆ ಗೋಡೆಯನ್ನು ಹಿಡಿದು ಹೊಲಿಯುತ್ತೇವೆ. ಕೆಟ್ಟ ಭಾಗದ ಜಾಗಕ್ಕೆ ಡೆಕ್ರಾನ್ ಬಟ್ಟೆಯ ಕೊಳವೆ ಕೂರಿಸುತ್ತೇವೆ.

ಈ ಡೆಕ್ರಾನ್ ಕೊಳವೆಯ ಹಿಂದೆ ಒಬ್ಬ ಮಹಾನುಭಾವರಿದ್ದಾರೆ: ಅಮೆರಿಕದ ಹ್ಯೂಸ್ಟನ್‌ನ ಮೈಕೇಲ್ ಡಿಬೇಕಿ. 1950ರ ದಶಕದಲ್ಲಿ ಅಂಗಡಿಯಿಂದ ಬಟ್ಟೆ ತಂದು, ಮನೆಯ ಹೊಲಿಗೆ ಯಂತ್ರದಲ್ಲಿ ತಾವೇ ಮೊದಲ ಕೊಳವೆಗಳನ್ನು ಹೊಲಿದರು. 2005ರ ಡಿಸೆಂಬರ್ 31ರಂದು, 97ನೇ ವಯಸ್ಸಿನಲ್ಲಿ, ಅವರದೇ ಮಹಾಪಧಮನಿ ಸೀಳಿತು. 2006ರ ಫೆಬ್ರವರಿಯಲ್ಲಿ ಅವರ ಶಿಷ್ಯಪರಂಪರೆಯವರೇ ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅವರು 2008ರವರೆಗೆ ಬದುಕಿದರು. ಅಷ್ಟು ವಯಸ್ಸಿನವರೆಲ್ಲರಿಗೂ ಇದು ಸಾಧ್ಯವೆಂದು ನಾನು ಹೇಳುತ್ತಿಲ್ಲ. ವಯಸ್ಸೊಂದನ್ನೇ ನೋಡಿ 'ಇನ್ನೇನೂ ಮಾಡಕ್ಕಾಗಲ್ಲ, ಮನೆಗೆ ಕರ್ಕೊಂಡೋಗಿ' ಎನ್ನಬಾರದು ಎಂಬುದಕ್ಕೆ ಇದನ್ನು ಹೇಳಿದೆ.

ನಾಳದ ಬುಡವೂ ಕವಾಟವೂ ಕೆಟ್ಟಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸುವ ಬೆಂಟಾಲ್ ಶಸ್ತ್ರಚಿಕಿತ್ಸೆ 1968ರಿಂದ ಇದೆ. ಲೋಹದ ಕವಾಟ ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್ ಮಾತ್ರೆ ನುಂಗಬೇಕು, ಐಎನ್ಆರ್ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಸಾಮಾನ್ಯವಾಗಿ ಜೀವನಪೂರ್ತಿ ಆ ಕಟ್ಟುಪಾಡು ಬೇಕಿಲ್ಲ, ಆದರೆ ಹತ್ತು ಹದಿನೈದು ವರ್ಷಕ್ಕೆ ಸವೆಯಬಹುದು. ರೋಗಿಯ ಕವಾಟ ಚೆನ್ನಾಗಿದ್ದರೆ ಅದನ್ನು ಉಳಿಸಿಕೊಂಡು ನಾಳವನ್ನಷ್ಟೇ ಬದಲಿಸುವ ವಿಧಾನವನ್ನು ಟೊರಾಂಟೊದ ಟಿರೋನ್ ಡೇವಿಡ್ 1992ರಲ್ಲಿ ಪ್ರಕಟಿಸಿದರು. ಮುಂದೆ ಮಕ್ಕಳಾಗಬೇಕೆಂದಿರುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಉಪಕಾರ, ಏಕೆಂದರೆ ವಾರ್ಫರಿನ್ ಗರ್ಭಕ್ಕೆ ಹಾನಿ ಮಾಡುತ್ತದೆ. ಆಪರೇಷನ್‌ಗೆ ಮುನ್ನ ವೈದ್ಯರೊಂದಿಗೆ ಕೂತು ಈ ಆಯ್ಕೆಗಳನ್ನು ಕೇಳುವ ಹಕ್ಕು ನಿಮಗಿದೆ.

ಮೂರನೇ ದಾರಿ: ಸ್ಟೆಂಟ್ ಗ್ರಾಫ್ಟ್

ಇಳಿಭಾಗದ ಕಾಯಿಲೆಗೆ ಎಡಪಕ್ಕೆಯನ್ನು ತೆರೆದು ಮಾಡುವ ಆಪರೇಷನ್ ಬಹಳ ಭಾರವಾದದ್ದು. ಬೆನ್ನುಹುರಿಗೆ ಹೋಗುವ ಸಣ್ಣ ನಾಳಗಳು ಅಲ್ಲಿಂದಲೇ ಹೊರಡುವುದರಿಂದ ಎರಡು ಕಾಲೂ ಸ್ವಾಧೀನ ತಪ್ಪುವ ಅಪಾಯವಿದೆ. 1987ರಲ್ಲಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊಡೋಸ್ ಎದೆ ತೆರೆಯದೆ ನಾಳದೊಳಗಿನಿಂದಲೇ ಕೊಳವೆ ಕೂರಿಸಿದರು. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಮೈಕೇಲ್ ಡೇಕ್ ಮತ್ತು ತಂಡದವರು ಈ ವಿಧಾನವನ್ನು ಹಲವು ರೋಗಿಗಳಲ್ಲಿ ಮಾಡಿ ತೋರಿಸಿದ ಮೇಲೆ ಅದು ಜಗತ್ತಿಗೆಲ್ಲ ಹರಡಿತು.

ತೊಡೆಸಂದಿಯ ನಾಳಕ್ಕೆ ತೂತು ಹಾಕಿ, ಒಂದು ತಂತಿಯನ್ನು ಎಕ್ಸ್‌ರೇ ಪರದೆ ನೋಡುತ್ತ ಮೇಲಕ್ಕೆ ಸಾಗಿಸಿ, ಅದರ ಮೇಲೆ ಮಡಿಸಿಟ್ಟ ಕೊಳವೆಯನ್ನು ಒಯ್ಯುತ್ತೇವೆ. ಜಾಗ ಸರಿಯಾಯಿತೆಂದಾಗ ಹೊದಿಕೆ ಎಳೆದರೆ ಲೋಹದ ಬಲೆ ಬಿಚ್ಚಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತದೆ. ಬಿರುಕು ಮುಚ್ಚುತ್ತದೆ, ರಕ್ತ ಮತ್ತೆ ಸರಿಯಾದ ದಾರಿ ಹಿಡಿಯುತ್ತದೆ. ಎಲ್ಲ ಸಲೀಸಾಗಿ ನಡೆದರೆ ರೋಗಿ ಕೆಲವೇ ದಿನದಲ್ಲಿ ಮನೆಗೆ ಹೋಗುತ್ತಾರೆ. 'ಬಿ' ವಿಧದ ಸೀಳಿಕೆಯಲ್ಲಿ ಅಂಗಕ್ಕೆ ರಕ್ತ ನಿಂತಿದ್ದರೆ, ನಾಳ ಒಡೆಯುವ ಹಂತದಲ್ಲಿದ್ದರೆ, ಇಳಿಭಾಗದ ಉಬ್ಬು 5.5 ಸೆಂಟಿಮೀಟರ್ ದಾಟಿದ್ದರೆ, ರಸ್ತೆ ಅಪಘಾತದಲ್ಲಿ ನಾಳಕ್ಕೆ ಪೆಟ್ಟಾಗಿದ್ದರೆ ಇದು ಮೊದಲ ಆಯ್ಕೆ.

ಆದರೆ ಇದೇ ಎಲ್ಲಕ್ಕೂ ಮದ್ದಲ್ಲ. ಕೊಳವೆ ಕಚ್ಚಿ ನಿಲ್ಲಲು ಎರಡು ತುದಿಯಲ್ಲೂ ಸುಮಾರು 2 ಸೆಂಟಿಮೀಟರ್ ಆರೋಗ್ಯವಂತ ಗೋಡೆ ಬೇಕು. ಸುತ್ತಲಿಂದ ರಕ್ತ ಸೋರಬಹುದು, ಬೆನ್ನುಹುರಿಯ ಅಪಾಯ ಕಡಿಮೆಯಾದರೂ ಇಲ್ಲವೆನ್ನುವಂತಿಲ್ಲ. ಆದ್ದರಿಂದ ಜೀವನಪೂರ್ತಿ ಸ್ಕ್ಯಾನ್ ತಪ್ಪಿಸುವಂತಿಲ್ಲ. ಮಾರ್ಫಾನ್‌ನಂಥ ಕಾಯಿಲೆಯವರ ಗೋಡೆ ಮೆತ್ತಗಿರುವುದರಿಂದ ಅವರಿಗೆ ತೆರೆದ ಆಪರೇಷನ್ನೇ ಮೇಲು. ಗಾಯ ಚಿಕ್ಕದೆಂಬ ಒಂದೇ ಕಾರಣಕ್ಕೆ ಸ್ಟೆಂಟ್ ಬೇಕೆಂದು ಹಟ ಹಿಡಿಯಬೇಡಿ.

ಚಿಕ್ಕ ವಯಸ್ಸಿನವರ ಎರಡು ಕಾಯಿಲೆಗಳು

ಮೂವತ್ತರ ಒಳಗಿನ ಹುಡುಗನಿಗೆ ಬಿಪಿ ಇದ್ದರೆ ತೊಡೆಸಂದಿಯ ನಾಡಿ ಮುಟ್ಟಿ ನೋಡಬೇಕು. ಕೈಯ ನಾಡಿ ಬಲವಾಗಿದ್ದು ಕಾಲಿನದು ಕ್ಷೀಣವಾಗಿದ್ದರೆ ಮಹಾಪಧಮನಿ ಹುಟ್ಟಿನಿಂದಲೇ ಒಂದೆಡೆ ಕಿರಿದಾಗಿರಬಹುದು. 1944ರಲ್ಲಿ ಸ್ಟಾಕ್‌ಹೋಮ್‌ನ ಕ್ಲಾರೆನ್ಸ್ ಕ್ರಾಫೋರ್ಡ್ ಇದಕ್ಕೆ ಮೊದಲ ಆಪರೇಷನ್ ಮಾಡಿದರು. ಈಗ ದೊಡ್ಡವರಲ್ಲಿ ಬಲೂನು ಮತ್ತು ಸ್ಟೆಂಟಿನಿಂದಲೇ ಹಿಗ್ಗಿಸಬಹುದು.

ಇನ್ನೊಂದು ಟಕಯಾಸು ಕಾಯಿಲೆ. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು ವರದಿ ಮಾಡಿದ ಈ ಉರಿಯೂತ ನಮ್ಮ ದೇಶದಲ್ಲೂ ಇದೆ, ಹೆಚ್ಚಾಗಿ ನಲವತ್ತರೊಳಗಿನ ಹೆಣ್ಣುಮಕ್ಕಳಲ್ಲಿ. ಕೈ ಸೋಲುತ್ತದೆ, ಆಗಾಗ ಜ್ವರ, ಒಂದು ಕೈಯಲ್ಲಿ ನಾಡಿಯೇ ಸಿಗುವುದಿಲ್ಲ. 'ಬಾಣಂತನದ ಸುಸ್ತು' ಎಂದು ಮನೆಯವರು ತಳ್ಳಿಹಾಕುತ್ತಾರೆ. ಸ್ಟೀರಾಯ್ಡ್ ಮತ್ತು ಉರಿಯೂತ ಇಳಿಸುವ ಔಷಧಿ ಮೊದಲು. ಕಾಯಿಲೆ ತಣಿದ ಮೇಲಷ್ಟೇ ಬಲೂನು, ಬೈಪಾಸ್.

ನಾವು ಮಾಡಬೇಕಾದದ್ದು

ಮಹಾಪಧಮನಿ ಇನ್ನೂ ಹರಿಯದಿರುವಾಗ ಆಯ್ಕೆಗಳೆಲ್ಲ ರೋಗಿಯ ಕೈಯಲ್ಲಿರುತ್ತವೆ: ಯಾವ ಆಸ್ಪತ್ರೆ, ಯಾವ ಕವಾಟ, ಸುಗ್ಗಿ ಮುಗಿದ ಮೇಲೋ ಮೊದಲೋ. ಹರಿದ ಮೇಲೆ ಆ ಆಯ್ಕೆಗಳು ಒಂದೊಂದಾಗಿ ಮುಚ್ಚುತ್ತವೆ. ಇಡೀ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಹರಿಯುವ ಮೊದಲೇ ತಿಳಿದುಕೊಳ್ಳಲು ಬೇಕಾದದ್ದು ಬಹುಪಾಲು ನಮ್ಮ ಹಳ್ಳಿಯಲ್ಲೇ ಸಿಗುತ್ತದೆ.

ಮೂವತ್ತು ದಾಟಿದ ಪ್ರತಿಯೊಬ್ಬರೂ ಬಿಪಿ ನೋಡಿಸಿಕೊಳ್ಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಬಿಪಿ ಮಾತ್ರೆ ಶುರು ಮಾಡಿ, ಸರಿಹೋಯಿತೆಂದು ಬಿಟ್ಟುಬಿಡುವವರನ್ನು ನಾನು ಕಾಣುತ್ತಲೇ ಇರುತ್ತೇನೆ. ಮಾತ್ರೆ ನುಂಗುತ್ತಿರುವುದರಿಂದಲೇ ಅದು ಸರಿಯಿದೆ, ಬಿಡಬೇಡಿ. ಅರಕಲಗೂಡು, ರಾಮನಾಥಪುರದ ಕಡೆಯ ಅನೇಕ ರೈತ ಕುಟುಂಬಗಳು ತಂಬಾಕಿನ ಮೇಲೆ ಬದುಕುತ್ತಿವೆ. ಅವರ ದುಡಿಮೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಸೇದುವವರು ನಿಲ್ಲಿಸಬೇಕು, ಇಂದೇ ನಿಲ್ಲಿಸಬೇಕು.

ಮನೆಯಲ್ಲಿ ಯಾರಿಗಾದರೂ ಈ ಉಬ್ಬು ಅಥವಾ ಸೀಳಿಕೆ ಆಗಿದ್ದರೆ, ಅಥವಾ ಐವತ್ತರೊಳಗೆ ಯಾರಾದರೂ ಕಾರಣ ತಿಳಿಯದೆ ಹಠಾತ್ ತೀರಿಕೊಂಡಿದ್ದರೆ, ಅವರ ಒಡಹುಟ್ಟಿದವರೂ ಮಕ್ಕಳೂ ತಂದೆತಾಯಿಯೂ ಒಮ್ಮೆ ಎಕೋ ಮಾಡಿಸಬೇಕು. ಮಾರ್ಫಾನ್ ಆದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ತುಂಬ ಎತ್ತರ, ಉದ್ದ ಬೆರಳು, ಕಣ್ಣಿನ ಮಸೂರ ಜಾರುವುದು ಅದರ ಗುರುತುಗಳು. ಹಠಾತ್ ಸಾವಾದಾಗ ಮರಣೋತ್ತರ ಪರೀಕ್ಷೆಗೆ ಒಪ್ಪುವುದು ಮನೆಯವರಿಗೆ ಸಂಕಟದ ಮಾತು, ನನಗೆ ಗೊತ್ತು. ಆದರೆ ಅದರಿಂದ ತಿಳಿಯುವ ಕಾರಣ ಉಳಿದ ಮಕ್ಕಳನ್ನು ಕಾಪಾಡಬಹುದು.

ದಿಢೀರ್ ನೋವು ಬಂದಾಗ 108ಕ್ಕೆ ಕರೆ ಮಾಡಿ, ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ. ಹಾಸನದಲ್ಲಿ ಸಿ.ಟಿ. ಆಗುತ್ತದೆ. ಸೀಳಿಕೆ ಖಚಿತವಾದರೆ ಮೈಸೂರಿಗೋ ಬೆಂಗಳೂರಿಗೋ ಹೊರಡುವ ಮುನ್ನ, ಅಲ್ಲಿ ಮಹಾಪಧಮನಿಯ ಶಸ್ತ್ರಚಿಕಿತ್ಸೆಯ ತಂಡ ಇದೆಯೇ ಎಂದು ವೈದ್ಯರಿಂದಲೇ ಫೋನ್ ಮಾಡಿಸಿ. ಬಿಪಿ ಇಳಿಸುವ ಔಷಧಿ ಹರಿಯುತ್ತಿರುವಾಗಲೇ ಆಂಬುಲೆನ್ಸ್ ಹತ್ತಿಸಿ. ಖರ್ಚು ಲಕ್ಷಗಳಲ್ಲಿ ಬರುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಯಾವ ಚಿಕಿತ್ಸೆಗೆ ಎಷ್ಟು ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಕಾರ್ಡು ಈಗಲೇ ಮಾಡಿಸಿಟ್ಟುಕೊಳ್ಳಿ; ಐಸಿಯು ಬಾಗಿಲಲ್ಲಿ ನಿಂತು ಕಾಗದಪತ್ರ ಹುಡುಕುವ ಸ್ಥಿತಿ ಯಾರಿಗೂ ಬೇಡ.

ಬಂಧುಗಳೇ, ಜಯದೇವ ಸಂಸ್ಥೆಯನ್ನು ಬಹುಕಾಲ ನಡೆಸಿದ ಡಾ. ಸಿ.ಎನ್. ಮಂಜುನಾಥ್ ಚನ್ನರಾಯಪಟ್ಟಣ ತಾಲ್ಲೂಕಿನವರು. ಬಡವರಿಗೂ ದೊಡ್ಡ ಚಿಕಿತ್ಸೆ ಸಿಗಬೇಕೆಂಬ ಮಾತಿಗೆ ಈ ಜಿಲ್ಲೆ ಹೊಸದಲ್ಲ. ದತ್ತಿಯವರಲ್ಲಿ ನನ್ನದೊಂದು ಕೋರಿಕೆ: ಮುಂದಿನ ವರ್ಷದಿಂದ ಉಪನ್ಯಾಸದ ದಿನವೇ ಇದೇ ಅಂಗಳದಲ್ಲಿ ಎಲ್ಲರ ಬಿಪಿಯನ್ನು ಎರಡೂ ತೋಳಿನಲ್ಲಿ ನೋಡುವ ಶಿಬಿರ ಇಡಿ. ಎಲ್ಲಿ ಅನುಮಾನ ಬರುತ್ತದೋ ಅವರಿಗೆ ಎಕೋ ಮಾಡಿಸುವ ಏರ್ಪಾಡಾಗಲಿ. ನಾನೂ ಬರುತ್ತೇನೆ, ನನ್ನ ಜೊತೆಯ ಕಿರಿಯ ವೈದ್ಯರನ್ನೂ ಕರೆತರುತ್ತೇನೆ.